ಅಡುಗೆಮನೆಗೂ ಒಂದು ತಂತಿ

‘ತಂತಿ’ ಎಂಬ ಮಾತಿಗೆ ಹೊರನಾಡಿನಲ್ಲಿ ನೆಲೆಸಿದ ನಮ್ಮಂಥವರ ಮನೆಗಳಲ್ಲಿ ಬಹಳ ಕಾಲ ಒಂದೇ ಅರ್ಥವಿತ್ತು. ಊರಿನಿಂದ ತಂತಿ ಬಂತೆಂದರೆ ಒಲೆಯ ಮೇಲಿನ ಸಾರು ಉಕ್ಕಿದರೂ ಇಳಿಸುವವರಿಲ್ಲ. ಒಡೆದು ಓದುವ ಮೊದಲೇ ಹೆಂಗಸರ ಕಣ್ಣಲ್ಲಿ ನೀರು. ಓದಿದ ಮೇಲೆ ‘ಹೆಣ್ಣು ಮಗು, ಇಬ್ಬರೂ ಕ್ಷೇಮ’ ಎಂದು ತಿಳಿದು ಅದೇ ನೀರನ್ನು ಸೆರಗಿನಲ್ಲಿ ಒರೆಸಿಕೊಂಡು ನಗು. 2013ರ ಜುಲೈ ತಿಂಗಳಲ್ಲಿ ಸರ್ಕಾರ ತಂತಿ ಸೇವೆಯನ್ನೇ ನಿಲ್ಲಿಸಿದ ಮೇಲೆ ಆ ಅರ್ಥ ನಿಘಂಟಿಗೆ ಸೇರಿತು. ಉಳಿದದ್ದು ವೀಣೆಯ ತಂತಿ, ಬಟ್ಟೆ ಹರವುವ ತಂತಿ, ವಿದ್ಯುತ್ತಿನ ತಂತಿ. ಕಳೆದ ವರ್ಷ ನಮ್ಮ ಸಂಘದ ಕಟ್ಟಡದಲ್ಲಿ ಧ್ವನಿವರ್ಧಕದ ವ್ಯವಸ್ಥೆಯನ್ನು ಹೊಸದಾಗಿ ಮಾಡಿಸುವ ಕೆಲಸ ನಮ್ಮ ನಾಲ್ವರ ಪಾಲಿಗೆ ಬಂದದ್ದರಿಂದ, ಈ ಪಟ್ಟಿಗೆ ಇನ್ನೊಂದು ತಂತಿ ಸೇರಿತು. ಅದರ ಕತೆ ಇದು.

ಕಟ್ಟಡ ಓದುಗರಿಗೆ ಗೊತ್ತಿರುವುದೇ. ದಕ್ಷಿಣ ಕಲ್ಕತ್ತೆಯ ಹಳೆಯ ಮನೆ. ಒಂದೂವರೆ ಅಡಿ ದಪ್ಪದ ಗೋಡೆ, ಎತ್ತರದ ಸೂರು, ಉದ್ದಕ್ಕೆ 60 ಅಡಿಯ ಸಭಾಂಗಣ, ಮಹಡಿಯ ಮೇಲೆ ಮಕ್ಕಳಿಗೆ ಕನ್ನಡ ಕಲಿಸುವ ಕೋಣೆ, ಹಿಂದೆ ಅಂಗಳ, ಅಂಗಳದಾಚೆ ಅಡುಗೆಮನೆ. (ಊರಿನ ಹೆಸರು 2001ರಲ್ಲಿ ಕೋಲ್ಕತ್ತ ಎಂದಾಯಿತು. ನಮ್ಮ ಬಾಯಿಗೆ ಕಲ್ಕತ್ತೆಯೇ ರೂಢಿ. ಬಂಗಾಳಿ ಬಂಧುಗಳು ಕ್ಷಮಿಸಬೇಕು.) ಮುಂದಿನ ನಾಲ್ಕು ಸಾಲಿನವರಿಗೆ ಕಿವಿ ತೂತು ಬೀಳುವಷ್ಟು ಸದ್ದು, ಹಿಂದಿನ ನಾಲ್ಕು ಸಾಲಿನವರಿಗೆ ಬಾವಿಯೊಳಗಿಂದ ಬಂದಂಥ ದನಿ. ಅಡುಗೆಮನೆಯಲ್ಲಿರುವವರಿಗೆ ಚಪ್ಪಾಳೆ ಮಾತ್ರ ಕೇಳುತ್ತಿತ್ತು. ಗಣೇಶನ ಹಬ್ಬವಾಗಲಿ, ರಾಜ್ಯೋತ್ಸವವಾಗಲಿ, ಇನ್ನೂರು ಎಲೆಗೆ ಬಡಿಸುವ ಏಳೆಂಟು ಮಂದಿ ವರ್ಷಗಟ್ಟಲೆ ಚಪ್ಪಾಳೆಯ ಲೆಕ್ಕದಿಂದಲೇ ಕಾರ್ಯಕ್ರಮ ಎಲ್ಲಿಗೆ ಬಂತೆಂದು ತಿಳಿದುಕೊಂಡು ಅನ್ನ ಬಸಿಯುತ್ತಿದ್ದರು.

ಸಭೆ ಸೇರಿದಾಗ ತಲೆಗೊಂದು ಸಲಹೆ ಬಂತು. ಇನ್ನೂ ದೊಡ್ಡ ಸ್ಪೀಕರು ಎರಡು ತಂದು ವೇದಿಕೆಯ ಪಕ್ಕಕ್ಕೆ ನಿಲ್ಲಿಸಿ ಎಂದರು ಕೆಲವರು. ಈಗಿನ ಕಾಲದಲ್ಲಿ ತಂತಿ ಯಾರು ಎಳೆಯುತ್ತಾರೆ, ಎಲ್ಲವೂ ನಿಸ್ತಂತು ಇರಲಿ ಎಂದರು ಹುಡುಗರು. ಆಗ ಹಿಂದಿನ ಸಾಲಿನಿಂದ ನಮ್ಮ ಮೇಷ್ಟ್ರು ಎದ್ದು ನಿಂತರು. ಸಂಘದ ಕನ್ನಡ ತರಗತಿಯಲ್ಲಿ ಎರಡು ತಲೆಮಾರಿನ ಮಕ್ಕಳಿಗೆ ಅಕ್ಷರ ತಿದ್ದಿಸಿದವರು. ಈಗ ಎರಡು ಕಿವಿಗೂ ಶ್ರವಣಯಂತ್ರ. ‘ನನಗೆ ಕೇಳಿಸುತ್ತದಪ್ಪ. ಕೇಳಿಸಿದ್ದು ತಿಳಿಯುವುದಿಲ್ಲ. ನೀವು ಸದ್ದು ಹೆಚ್ಚಿಸಿದರೆ ತಿಳಿಯದೆ ಇರುವುದು ಇನ್ನೂ ಜೋರಾಗಿ ಕೇಳಿಸುತ್ತದೆ, ಅಷ್ಟೆ’ ಎಂದರು. ಎಲ್ಲರೂ ನಕ್ಕರು. ಆದರೆ ಆ ಮಾತೇ ನಮ್ಮ ಕೆಲಸಕ್ಕೆ ದಿಕ್ಕು ತೋರಿಸಿತು.

ಮೇಷ್ಟ್ರು ಹೇಳಿದ್ದರಲ್ಲಿ ಶಾಸ್ತ್ರವಿದೆ. ವಯಸ್ಸಾದಂತೆ ಕಿವಿಯಲ್ಲಿ ಮೊದಲು ಸೋರಿಹೋಗುವುದು ಎತ್ತರದ ಶ್ರುತಿಯ ಸದ್ದುಗಳು. ಸ್ವರಗಳು ಉಳಿಯುತ್ತವೆ, ‘ಸ’ ‘ಶ’ ‘ತ’ ‘ಕ’ಗಳಂಥ ವ್ಯಂಜನಗಳು ಮಸುಕಾಗುತ್ತವೆ. ಮಾತಿನ ಅರ್ಥ ನಿಂತಿರುವುದು ಹೆಚ್ಚಾಗಿ ವ್ಯಂಜನಗಳ ಮೇಲೆ. ಅದರ ಮೇಲೆ ದೊಡ್ಡ ಕೋಣೆಯ ಪ್ರತಿಧ್ವನಿ ಬೇರೆ. ಕನ್ನಡದಲ್ಲಿ ಒಂದು ಒತ್ತಕ್ಷರ ಜಾರಿದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ: ವೇದಿಕೆಯ ಮೇಲಿನವರು ‘ಕತೆ’ ಎಂದರೆ ಹಿಂದಿನ ಸಾಲಿಗೆ ‘ಕತ್ತೆ’.

ದೊಡ್ಡ ಸ್ಪೀಕರಿನ ಸಲಹೆಯನ್ನೂ ಲೆಕ್ಕ ಹಾಕಿ ನೋಡಿದೆವು. ಬಯಲಿನಲ್ಲಿ ದೂರ ಎರಡರಷ್ಟಾದರೆ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಆಂಪ್ಲಿಫೈಯರಿನ ಶಕ್ತಿಯನ್ನು ಎರಡು ಪಟ್ಟು ಮಾಡಿದರೆ ಏರುವುದು 3 ಡೆಸಿಬೆಲ್ ಮಾತ್ರ. ಅಂದರೆ ದೂರ ಎರಡರಷ್ಟಾದಾಗಲೆಲ್ಲ ಶಕ್ತಿ ನಾಲ್ಕರಷ್ಟು ಬೇಕು; ಅದರ ಪೆಟ್ಟು ಬೀಳುವುದು ಮುಂದಿನ ಸಾಲಿನ ಅಜ್ಜಿಯರಿಗೆ, ಮತ್ತು ಪಕ್ಕದ ಮನೆಯವರಿಗೆ. ಈ ಊರಿನಲ್ಲಿ ಅದು ಸಣ್ಣ ಮಾತಲ್ಲ. 1996ರಲ್ಲೇ ಕಲ್ಕತ್ತಾ ಹೈಕೋರ್ಟು ಧ್ವನಿವರ್ಧಕಗಳಿಗೆ ಲಗಾಮು ಹಾಕಿತ್ತು. ಆಮೇಲೆ 2000ದಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಶಬ್ದಮಾಲಿನ್ಯ ನಿಯಮಗಳು ಬಂದವು: ವಾಸದ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದು.

ಹಾಗಾದರೆ ದಾರಿ ಯಾವುದು? ಅದನ್ನು ಈ ಊರೇ ನಮಗೆ ಬಹಳ ಹಿಂದೆ ತೋರಿಸಿಕೊಟ್ಟಿತ್ತು. ಮಹಾಲಯ ಅಮಾವಾಸ್ಯೆಯ ದಿನ ಬೆಳಗಿನ ಜಾವ 4 ಗಂಟೆಗೆ ಆಕಾಶವಾಣಿಯಲ್ಲಿ ಬೀರೇಂದ್ರಕೃಷ್ಣ ಭದ್ರರ ‘ಮಹಿಷಾಸುರಮರ್ದಿನಿ’ ಬರುತ್ತದೆ. 1976ರಲ್ಲಿ ಒಮ್ಮೆ ಅದನ್ನು ಬಿಟ್ಟು, ಚಿತ್ರನಟ ಉತ್ತಮಕುಮಾರರ ದನಿಯಲ್ಲಿ ಬೇರೊಂದನ್ನು ಪ್ರಸಾರ ಮಾಡಿದಾಗ ಜನ ಕೆರಳಿ, ಹಳೆಯದನ್ನೇ ಮರಳಿ ತರಬೇಕಾಯಿತು. ನಮ್ಮ ಮೈಸೂರಿನ ಮಹಿಷನನ್ನು ಇವರು ವರ್ಷವರ್ಷವೂ ಇಷ್ಟು ಮಧುರವಾಗಿ ಕೊಲ್ಲಿಸುತ್ತಾರಲ್ಲ ಎಂದು, ಇಲ್ಲಿಗೆ ಬಂದ ಹೊಸತರಲ್ಲಿ ನಾವು ಬೆರಗಾಗಿದ್ದೆವು. ಆ ಹೊತ್ತಿನಲ್ಲಿ ಗಲ್ಲಿಯಲ್ಲಿ ನಡೆದುಹೋದರೆ ಒಂದು ಅಕ್ಷರವೂ ತಪ್ಪುತ್ತಿರಲಿಲ್ಲ. ಯಾವ ಮನೆಯ ರೇಡಿಯೋ ಕೂಡ ಜೋರಾಗಿರುತ್ತಿರಲಿಲ್ಲ. ಆದರೆ ಪ್ರತಿಯೊಂದು ಕಿಟಕಿಯಲ್ಲೂ ಒಂದು ರೇಡಿಯೋ ಇರುತ್ತಿತ್ತು. ಒಂದರ ದನಿ ಮುಗಿಯುವಲ್ಲಿ ಇನ್ನೊಂದರ ದನಿ ಕೈಹಿಡಿಯುತ್ತಿತ್ತು. ಅದನ್ನೇ ನಮ್ಮ ಕಟ್ಟಡಕ್ಕೆ ಅಳವಡಿಸುವುದೆಂದು ನಿರ್ಧರಿಸಿದೆವು: ದೊಡ್ಡವು ಎರಡರ ಬದಲು ಸಣ್ಣ ಸ್ಪೀಕರು ಎಂಟು, ಗೋಡೆಯುದ್ದಕ್ಕೂ, ಕೇಳುವವರ ಹತ್ತಿರ, ಮಹಡಿಯ ಕೋಣೆಗೊಂದು, ಅಡುಗೆಮನೆಗೊಂದು.

ನಿಸ್ತಂತುವಿನ ವಿಚಾರ ಉಳಿಯಿತು. ನಿಸ್ತಂತುವನ್ನು ಹಗುರವಾಗಿ ಕಾಣುವ ಊರು ಇದಲ್ಲ. ಜಗದೀಶಚಂದ್ರ ಬೋಸರು 1895ರಲ್ಲಿ ಇಲ್ಲಿನ ಟೌನ್ ಹಾಲಿನಲ್ಲಿ, ಗೋಡೆಗಳಾಚೆ ಇದ್ದ ಗಂಟೆಯನ್ನು ತಂತಿಯಿಲ್ಲದೆ ಬಾರಿಸಿ, ಮದ್ದನ್ನು ಸಿಡಿಸಿ ತೋರಿಸಿದರು. ‘ಆಕಾಶವಾಣಿ’ ಎಂಬ ಹೆಸರು ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನಲ್ಲಿ ಆರಂಭಿಸಿದ ಬಾನುಲಿ ಕೇಂದ್ರದ್ದು. ಮೂರು ವರ್ಷದ ಮೇಲೆ ಕಲ್ಕತ್ತೆಯ ಕಿರುತರಂಗ ಕೇಂದ್ರಕ್ಕಾಗಿ ರವೀಂದ್ರರು ಬರೆದ ಪದ್ಯದಲ್ಲೂ ಅದೇ ಮಾತು. ಎರಡೂ ನಾಡಿನವರು ಆಕಾಶವನ್ನು ನಂಬಿದವರೇ. ಆದರೆ ಇದೇ ಊರಿನಲ್ಲಿ ಅದಕ್ಕೂ ಮೊದಲು ತಂತಿಯ ಕೆಲಸ ನಡೆದಿತ್ತು. ಮೆಡಿಕಲ್ ಕಾಲೇಜಿನ ಪ್ರೊಫೆಸರ್ ಓಶಾನೆಸಿ ಎಂಬುವರು 1839ರಲ್ಲಿ ಹೂಗ್ಲಿಯ ದಡದ ಬೊಟಾನಿಕಲ್ ತೋಟದಲ್ಲಿ ಬಿದಿರು ನೆಟ್ಟು ಮೈಲಿಗಟ್ಟಲೆ ತಂತಿ ಎಳೆದು ಸಂದೇಶ ಕಳಿಸಿದ್ದರು. 1851ರಲ್ಲಿ ಇಲ್ಲಿಂದ ಡೈಮಂಡ್ ಹಾರ್ಬರಿಗೆ ತಂತಿ ಮಾರ್ಗವೇ ಆಯಿತು.

ನಮಗೆ ತಂತಿಯೇ ಬೇಕೆನ್ನಿಸಿದ್ದು ಮಾತ್ರ ಅನುಭವದಿಂದ. ಹಬ್ಬದ ಮತ್ತು ಮದುವೆಯ ಋತುವಿನಲ್ಲಿ ಈ ಊರಿನ ಗಾಳಿಯ ತುಂಬ ನಿಸ್ತಂತು ಮೈಕುಗಳು. ಒಂದು ನವೆಂಬರಿನಲ್ಲಿ ನಮ್ಮ ಅತಿಥಿಗಳು ಕರ್ನಾಟಕದ ಏಕೀಕರಣದ ಬಗ್ಗೆ ಗಂಭೀರವಾಗಿ ಮಾತನಾಡುತ್ತಿದ್ದಾಗ ಅದೇ ಸ್ಪೀಕರಿನಿಂದ ಬಂಗಾಳಿಯಲ್ಲಿ ‘ಮಾಂಸ ಬಂದಿದೆ, ಮುಂದಿನ ಪಂಕ್ತಿಯವರು ಕೂರಬೇಕು’ ಎಂಬ ಘೋಷಣೆ ಹೊರಟಿತು. ಪಕ್ಕದ ಬೀದಿಯ ಮದುವೆಮನೆಯ ಮೈಕು, ನಮ್ಮದೇ ತರಂಗ.

ಇನ್ನು ಕಟ್ಟಡದಲ್ಲಿರುವ ವೈಫೈ ಮೂಲಕವೇ ಧ್ವನಿ ಕಳಿಸಬಾರದೇ ಎಂದರೆ, ಅಲ್ಲಿ ಎಲ್ಲರ ಫೋನುಗಳೂ ಒಂದೇ ಗಾಳಿಯಲ್ಲಿ ಸರದಿಯಂತೆ ಮಾತಾಡಬೇಕು. ಪತ್ರ ಒಂದು ಕ್ಷಣ ತಡವಾಗಿ ಬಂದರೆ ನಷ್ಟವಿಲ್ಲ. ‘ಕರ್ನಾಟಕ’ದ ನಡುವಣ ಅಕ್ಷರ ತಡವಾಗಿ ಬಂದರೆ ಆ ಮಾತೇ ಕೆಟ್ಟಿತು.

ಅಂತೂ ತಂತಿ ಎಂದು ತೀರ್ಮಾನವಾಯಿತು. ತಂತಿಯಲ್ಲಿ ಎರಡು ಜಾತಿ. ಮೊದಲನೆಯದು ಆಂಪ್ಲಿಫೈಯರಿನಿಂದ ಸ್ಪೀಕರುಗಳಿಗೆ ಹೋಗುವುದು. ದೂರಕ್ಕೆ ಸಾಮಾನ್ಯ ರೀತಿಯಲ್ಲಿ ಎಳೆದರೆ ಶಕ್ತಿಯ ಒಂದು ಪಾಲು ತಂತಿಯನ್ನು ಬಿಸಿಮಾಡುವುದರಲ್ಲೇ ಹೋಗುತ್ತದೆ. ಅದಕ್ಕೇ ರೈಲ್ವೆ ಸ್ಟೇಷನ್ನುಗಳಲ್ಲಿ, ದೇವಸ್ಥಾನಗಳಲ್ಲಿ 100 ವೋಲ್ಟಿನ ಲೈನು ಹಾಕುವುದು. 100 ವಾಟಿನ ಧ್ವನಿಯನ್ನು 8 ಓಮಿನ ಸ್ಪೀಕರಿಗೆ ನೇರವಾಗಿ ಕಳಿಸಿದರೆ ತಂತಿಯಲ್ಲಿ ಮೂರೂವರೆ ಆಂಪಿಯರ್ ಹರಿಯಬೇಕು. 100 ವೋಲ್ಟಿಗೆ ಏರಿಸಿ ಕಳಿಸಿದರೆ ಒಂದೇ ಆಂಪಿಯರ್ ಸಾಕು. ತಂತಿಯಲ್ಲಿನ ನಷ್ಟ ಹನ್ನೆರಡು ಪಟ್ಟು ಇಳಿಯುತ್ತದೆ. ಪ್ರತಿ ಸ್ಪೀಕರಿನ ಬೆನ್ನಿಗೆ ಪುಟ್ಟ ಟ್ರಾನ್ಸ್‌ಫಾರ್ಮರು ಇದ್ದು ಅದನ್ನು ಮತ್ತೆ ಇಳಿಸಿಕೊಳ್ಳುತ್ತದೆ.

ಇದು ಕನ್ನಡಿಗರಿಗೆ ಹೊಸ ವಿದ್ಯೆಯಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು 30,000 ವೋಲ್ಟಿಗೂ ಮೀರಿ ಏರಿಸಿ, ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗೆ ಮುಟ್ಟಿಸಿದ್ದು ಇದೇ ಉಪಾಯದಿಂದ. ಆ ಕಾಲಕ್ಕೆ ಅದು ಲೋಕದಲ್ಲೇ ಬಹು ಉದ್ದದ ಮಾರ್ಗಗಳಲ್ಲೊಂದು.

ಎರಡನೆಯ ಜಾತಿ, ಮೈಕಿನಿಂದ ಆಂಪ್ಲಿಫೈಯರಿಗೆ, ಕೋಣೆಯಿಂದ ಕೋಣೆಗೆ ಧ್ವನಿ ಒಯ್ಯುವುದು. ಹಿಂದೆ ಪ್ರತಿ ಮೈಕಿಗೂ ಒಂದೊಂದು ತಂತಿ. ಎಂಟು ಮೈಕಿದ್ದರೆ ಹೆಬ್ಬಾವಿನಷ್ಟು ದಪ್ಪದ ಕಟ್ಟು. ಈಗ ಕಂಪ್ಯೂಟರಿಗೆ ಬಳಸುವ ಕ್ಯಾಟ್ ಸಿಕ್ಸ್ ಎಂಬ ಒಂದೇ ತಂತಿ ಸಾಕು. ಅದರೊಳಗೆ ಎಂಟು ಎಳೆ, ಎರಡೆರಡು ಹೊಸೆದು ನಾಲ್ಕು ಜೋಡಿ: ಕಿತ್ತಳೆ, ಹಸಿರು, ನೀಲಿ, ಕಂದು. ಹೊಸೆದಿರುವುದು ಚೆಂದಕ್ಕಲ್ಲ. ಹೊರಗಿನ ಗದ್ದಲ ಎರಡು ಎಳೆಗೂ ಸಮನಾಗಿ ತಗಲುತ್ತದೆ. ಆ ತುದಿಯಲ್ಲಿ ಒಂದರಿಂದ ಇನ್ನೊಂದನ್ನು ಕಳೆದರೆ ಗದ್ದಲ ಸೊನ್ನೆ, ಉಳಿಯುವುದು ಕಳಿಸಿದ ಸಂಕೇತ. ಮೈಕಿನ ದನಿಯನ್ನು ಸೆಕೆಂಡಿಗೆ 48,000 ಸಲ ಅಳೆದು, ಪ್ರತಿ ಅಳತೆಯನ್ನೂ 24 ಬಿಟ್ಟುಗಳಲ್ಲಿ ಬರೆದು ಕಳಿಸುತ್ತಾರೆ. ಒಂದು ದನಿಗೆ ಸೆಕೆಂಡಿಗೆ 11,52,000 ಬಿಟ್ಟು. ಈ ತಂತಿ ಹೊರಬಲ್ಲುದು ಸೆಕೆಂಡಿಗೆ 100 ಕೋಟಿ. ನಮ್ಮ ಎಂಟು ಮೈಕು ಒಟ್ಟಿಗೆ ಹಾಡಿದರೂ ಅದಕ್ಕೆ ಬೆವರಿಲ್ಲ. ತಂತಿಗಳೆಲ್ಲ ಒಂದು ಬೀರುವಿನಲ್ಲಿ ಕೂಡುತ್ತವೆ. ಅಲ್ಲಿ ‘ಸ್ವಿಚ್ಚು’ ಎಂಬ ಪೆಟ್ಟಿಗೆ ಯಾವ ದನಿ ಯಾವ ಕೋಣೆಗೆ ಹೋಗಬೇಕೋ ಅಲ್ಲಿಗೆ ದಾಟಿಸುತ್ತದೆ.

ಎಲ್ಲ ಪೆಟ್ಟಿಗೆಗಳೂ ಒಂದೇ ಗಡಿಯಾರಕ್ಕೆ ನಡೆಯಬೇಕು, ಇಲ್ಲದಿದ್ದರೆ ಧ್ವನಿ ಚಿಟಿಚಿಟಿ ಎಂದು ಮುರಿಯುತ್ತದೆ. ಅವುಗಳಲ್ಲೊಂದು ಯಜಮಾನನಾಗಿ ಹೊತ್ತು ಹೇಳುತ್ತದೆ, ಉಳಿದವು ಅದಕ್ಕೆ ತಮ್ಮನ್ನು ಸರಿಮಾಡಿಕೊಳ್ಳುತ್ತವೆ. ನಮ್ಮ ಕರಾವಳಿಯ ಸದಸ್ಯರೊಬ್ಬರಿಗೆ ಇದನ್ನು ವಿವರಿಸಿದಾಗ, ‘ಭಾಗವತರ ತಾಳ ಅನ್ನಿ’ ಎಂದು ಒಂದೇ ಮಾತಿನಲ್ಲಿ ಮುಗಿಸಿದರು.

ಸಾಮಾನು ತರಲು ಚಾಂದನಿ ಮಾರ್ಕೆಟ್ಟಿಗೆ ಹೋದೆವು. ಕ್ಯಾಟ್ ಸಿಕ್ಸ್ ತಂತಿ 305 ಮೀಟರಿನ ಡಬ್ಬಿಯಲ್ಲಿ ಬರುತ್ತದೆ. ಮೊದಲ ಅಂಗಡಿಯಲ್ಲಿ ಬೆಲೆ ಕೇಳಿ ಸಂತೋಷವಾಯಿತು. ಡಬ್ಬಿ ಎತ್ತಿದಾಗ ಅನುಮಾನವಾಯಿತು, ಅಷ್ಟು ಹಗುರ. ನಮ್ಮಲ್ಲೊಬ್ಬರು ಎಳೆಯೊಂದನ್ನು ಬ್ಲೇಡಿನಿಂದ ಕೆರೆದರು. ಮೇಲೆ ತಾಮ್ರದ ಬಣ್ಣ, ಒಳಗೆ ಬೆಳ್ಳಗೆ ಅಲ್ಯುಮಿನಿಯಂ. ಇಂಥದ್ದು ಬೇಗ ಮುರಿಯುತ್ತದೆ, ವಿದ್ಯುತ್ತನ್ನು ಹೆಚ್ಚು ತಡೆಯುತ್ತದೆ. ಮಹಡಿಯ ಸ್ಪೀಕರಿಗೆ ಧ್ವನಿಯ ಜೊತೆ ವಿದ್ಯುತ್ತೂ ಅದೇ ತಂತಿಯಲ್ಲಿ ಹೋಗಬೇಕಾಗಿದ್ದುದರಿಂದ ಅದು ನಮಗೆ ಆಗುವಂಥದ್ದಲ್ಲ. ಅಪ್ಪಟ ತಾಮ್ರದ್ದನ್ನೇ ಹೆಚ್ಚು ಬೆಲೆ ಕೊಟ್ಟು ತಂದೆವು. ಮನೆಯಲ್ಲಿ ಇಂಟರ್‌ನೆಟ್ಟಿಗೆ ತಂತಿ ಹಾಕಿಸುವ ಓದುಗರು ಈ ಬ್ಲೇಡಿನ ಪರೀಕ್ಷೆಯನ್ನು ನೆನಪಿಡಬಹುದು.

ಕೆಲಸಕ್ಕೆ ಬಂದ ಬಂಗಾಳಿ ಮಿಸ್ತ್ರಿ ದಾದಾ ಈ ಊರಿನ ಗೋಡೆಗಳನ್ನು ಬಲ್ಲವರು. ಹಳೆಯ ಮನೆಗಳ ಕೆಳಗಿನ ಮೂರು ನಾಲ್ಕು ಅಡಿ ಗೋಡೆಯಲ್ಲಿ ‘ನೋನಾ’ ಹಿಡಿಯುತ್ತದೆ; ನೆಲದ ತೇವದೊಡನೆ ಉಪ್ಪು ಮೇಲೇರಿ ಗಾರೆ ಉದುರುತ್ತದೆ, ತಾಮ್ರ ಹಸಿರುಗಟ್ಟುತ್ತದೆ. ಆದ್ದರಿಂದ ತಂತಿಯೆಲ್ಲ ಸೂರಿನ ಕೆಳಗೆ, ಪೈಪಿನೊಳಗೆ, ಇಲಿಗೆ ಸಿಗದಂತೆ. ದೀಪದ ತಂತಿಯ ಪಕ್ಕದಲ್ಲೇ ಧ್ವನಿಯ ತಂತಿ ಓಡಿಸಬಾರದು. ದಾಟಲೇಬೇಕಾದರೆ ಅಡ್ಡಲಾಗಿ, ನೇರ ಕೋನದಲ್ಲಿ ದಾಟಿಸಬೇಕು. ಯಾವ ತಂತಿಯೂ 100 ಮೀಟರಿಗೆ ಮೀರಬಾರದು.

ಅಂಗಳ ದಾಟಿ ಅಡುಗೆಮನೆಗೆ ಹೋಗುವ ತುಂಡಿನ ವಿಷಯದಲ್ಲಿ ಚರ್ಚೆ ಬಹಳವಾಯಿತು. ಚೈತ್ರ ವೈಶಾಖದ ಸಂಜೆ ಕಾಲಬೈಶಾಖಿ ಬೀಸಿದರೆ ಸಿಡಿಲು ಯಾವ ತಾಮ್ರವನ್ನು ಹಿಡಿದು ಒಳಗೆ ಬರುತ್ತದೋ ಹೇಳಲಾಗದು. ಕೊನೆಗೆ ಅಷ್ಟು ದೂರಕ್ಕೆ ಮಾತ್ರ ಗಾಜಿನ ಎಳೆ ಹಾಕಿದೆವು. ಅದರಲ್ಲಿ ಹೋಗುವುದು ಬೆಳಕು. ವಿದ್ಯುತ್ತು ಅದರಲ್ಲಿ ಹರಿಯದು. ‘ರಾನ್ನಾಘರಕ್ಕೆ ಮೈಕು ಯಾಕೆ ದಾದಾ?’ ಎಂದು ಮಿಸ್ತ್ರಿ ನಗುತ್ತ ಕೇಳಿದರು. ಅಲ್ಲಿ ಸ್ಪೀಕರಿನ ಜೊತೆ ಒಂದು ಮೈಕಿನ ಸಾಕೆಟ್ಟನ್ನೂ ಕೂರಿಸಿ ಎಂದು ನಾವು ಹೇಳಿದ್ದೆವು. ಕೇಳಿಸಿಕೊಂಡವರಿಗೆ ಉತ್ತರ ಕೊಡಬೇಕೆನ್ನಿಸೀತು ಎಂದೆವು. ಅವರು ಒಮ್ಮೆ ಅಡುಗೆಮನೆಯ ಕಡೆ ನೋಡಿ, ಮಾಶಿಮಾಗಳ ಕೈಗೆಟುಕುವ ಎತ್ತರಕ್ಕೆ ತಾವೇ ಗುರುತು ಹಾಕಿದರು.

ಇನ್ನೆರಡು ವಿಷಯ ಮೇಷ್ಟ್ರಿಗಾಗಿ ಮಾಡಿದ್ದು. ಧ್ವನಿ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ನಡೆಯುತ್ತದೆ; ತಂತಿಯಲ್ಲಿ ಕಣ್ಣುಮುಚ್ಚುವುದರೊಳಗೆ ಮುಟ್ಟುತ್ತದೆ. ಹೀಗಾಗಿ 60 ಅಡಿ ಹಿಂದೆ ಕುಳಿತವರಿಗೆ ಪಕ್ಕದ ಸ್ಪೀಕರಿನ ಮಾತು ಮೊದಲು, ವೇದಿಕೆಯ ಮಾತು ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗ ತಡವಾಗಿ. ಒಂದರ ಮೇಲೊಂದು ಬಿದ್ದು ವ್ಯಂಜನ ಕಲಸಿಹೋಗುತ್ತದೆ. ಹಿಂದಿನ ಸ್ಪೀಕರುಗಳನ್ನು ಅಷ್ಟೇ ಹೊತ್ತು ಕಾಯುವಂತೆ ಮಾಡಿದರೆ ಎರಡೂ ಕೂಡಿ ಬಂದು, ಮಾತು ವೇದಿಕೆಯಿಂದಲೇ ಬಂದಂತೆ ಸ್ಪಷ್ಟವಾಗುತ್ತದೆ. ಮತ್ತೊಂದು, ಮುಂದಿನ ಎರಡು ಸಾಲನ್ನು ಸುತ್ತುವರಿದು ನೆಲಹಾಸಿನ ಕೆಳಗೆ ಹಾಕಿದ ಒಂದು ತಂತಿಯ ಬಳೆ. ಅನೇಕ ಶ್ರವಣಯಂತ್ರಗಳಲ್ಲಿ ‘ಟಿ’ ಎಂಬ ಗುರುತಿನ ಸುರುಳಿ ಇರುತ್ತದೆ. ಅದನ್ನು ಹಾಕಿಕೊಂಡು ಬಳೆಯೊಳಗೆ ಕುಳಿತರೆ ಮೈಕಿನ ದನಿ ಕೋಣೆಯ ಗದ್ದಲವನ್ನು ಬಿಟ್ಟು ನೇರವಾಗಿ ಕಿವಿಗೆ ಬರುತ್ತದೆ. ಮೇಷ್ಟ್ರಿಗೆ ಆ ಗುಂಡಿ ಇರುವುದೇ ಗೊತ್ತಿರಲಿಲ್ಲ. ಮೊಮ್ಮಗಳು ಹುಡುಕಿ ಕೊಟ್ಟಳು. ವೇದಿಕೆಯಿಂದ ಒಂದು ಮಗು ‘ಅ ಆ ಇ ಈ’ ಓದಿತು. ಮೇಷ್ಟ್ರು ಕಣ್ಣುಮುಚ್ಚಿ ಕೊನೆಯವರೆಗೂ ಕೇಳಿದರು. ‘ಳಕಾರವನ್ನು ಲಕಾರ ಮಾಡುತ್ತಿದ್ದಾಳೆ, ನಾಳೆಯಿಂದ ತಿದ್ದಬೇಕು’ ಎಂದರು. ಮಹಡಿಯ ತರಗತಿಗೆ ಅವರು ಮೆಟ್ಟಿಲು ಹತ್ತಿ ಹೋಗದೆ ಎಷ್ಟೋ ದಿನವಾಗಿತ್ತು. ಈಗ ಕೆಳಗೆ ಬಳೆಯೊಳಗೆ ಕುಳಿತು ಮೇಲಿನ ಮಕ್ಕಳ ಓದನ್ನು ಕೇಳುತ್ತಾರೆ, ಮೈಕಿನಲ್ಲಿ ತಿದ್ದುತ್ತಾರೆ.

ರಾಜ್ಯೋತ್ಸವದ ದಿನ ರಸಪ್ರಶ್ನೆಯಿತ್ತು. ಕೆಲಸದ ಗುಂಗಿನಲ್ಲೇ ಇದ್ದ ನಮ್ಮಲ್ಲೊಬ್ಬರು, ಶಿವನಸಮುದ್ರದ ವಿದ್ಯುತ್ತು ಮೊಟ್ಟಮೊದಲು ಯಾವ ಊರಿಗೆ, ಯಾವ ವರ್ಷ ಹೋಯಿತು ಎಂದು ಕೇಳಿದರು. ಬೆಂಗಳೂರು ಎಂದರು ಒಬ್ಬರು, ಮೈಸೂರು ಎಂದರು ಇನ್ನೊಬ್ಬರು. ಮೌನ. ಆಗ ಗೋಡೆಯ ಎಂಟೂ ಸ್ಪೀಕರುಗಳಿಂದ ಒಗ್ಗರಣೆಯ ಚಟಪಟದೊಡನೆ ಒಂದು ದನಿ ಬಂತು: ‘ಕೋಲಾರದ ಚಿನ್ನದ ಗಣಿಗೆ ರೀ, 1902ರಲ್ಲಿ. ಬೆಂಗಳೂರಿಗೆ ಬಂದದ್ದು 1905ಕ್ಕೆ. ನಮ್ಮಪ್ಪ ಅಲ್ಲೇ ಗಣಿಯಲ್ಲಿದ್ದರು. ಉಪ್ಪಿಟ್ಟು ಇನ್ನು ಹತ್ತು ನಿಮಿಷ.’ ಸಭೆ ಒಂದು ಕ್ಷಣ ಸೂರು ನೋಡಿತು, ಆಮೇಲೆ ಚಪ್ಪಾಳೆ. ನಮ್ಮ ಅತ್ತಿಗೆಯವರು ಇಪ್ಪತ್ತಕ್ಕೂ ಹೆಚ್ಚು ವರ್ಷದಿಂದ ಸಂಘದ ಅಡುಗೆಮನೆಯಲ್ಲಿ ಕೈಯಾಡಿಸಿದವರು. ಆ ಗಣಿ 2001ರಲ್ಲಿ ಮುಚ್ಚಿತು. ಅವರ ತಂದೆ ಅಲ್ಲಿದ್ದರೆಂಬುದು ನಮ್ಮಲ್ಲಿ ಬಹುಮಂದಿಗೆ ಆ ದಿನವೇ ತಿಳಿದದ್ದು. ಮುಂದಿನ ತಿಂಗಳು ಅವರು ಗಣಿಯೂರಿನ ಬಾಲ್ಯದ ಬಗ್ಗೆ ಮಾತನಾಡಲು ಒಪ್ಪಿದ್ದಾರೆ. ವೇದಿಕೆಯ ಮೇಲೆಯೇ. ಆ ದಿನ ಒಲೆಯ ಮುಂದೆ ನಿಲ್ಲುವ ಸರದಿ ಗಂಡಸರದು. ಕೇಳಲು ಅಲ್ಲಿ ಸ್ಪೀಕರು ಇದ್ದೇ ಇದೆ.

ಸದಸ್ಯರಲ್ಲಿ ಕೆಲವು ವಿನಂತಿಗಳು. ಗೋಡೆಯ ಮೇಲಿನ ಹೊಸ ಸಾಕೆಟ್ಟುಗಳು ಧ್ವನಿಗಾಗಿ ಮೀಸಲು. ದಯಮಾಡಿ ಅದಕ್ಕೆ ಲ್ಯಾಪ್‌ಟಾಪು ಚುಚ್ಚಬೇಡಿ. ಬೀರುವಿನ ಬಾಗಿಲ ಒಳಗೆ ಯಾವ ತಂತಿ ಎಲ್ಲಿಗೆ ಹೋಗುತ್ತದೆಂಬ ನಕ್ಷೆಯನ್ನು ಕನ್ನಡ, ಬಂಗಾಳಿ ಎರಡರಲ್ಲೂ ಬರೆದು ಅಂಟಿಸಿದ್ದೇವೆ. ನಮ್ಮ ನಂತರ ಬರುವ ಸಮಿತಿಗೂ ಅವರ ಮಿಸ್ತ್ರಿಗೂ ಬೇಕಾಗುತ್ತದೆ, ಅದನ್ನು ಕೀಳಬೇಡಿ. ಶ್ರವಣಯಂತ್ರ ಇರುವವರು ಮುಂದಿನ ಎರಡು ಸಾಲಿಗೆ ಬನ್ನಿ, ‘ಟಿ’ ಗುಂಡಿ ಹುಡುಕಿಕೊಡಲು ನಮ್ಮ ಹುಡುಗಿಯರಿದ್ದಾರೆ. ಎಲ್ಲಿ ಕುಳಿತಾಗ ಮಾತು ತಿಳಿಯಲಿಲ್ಲವೋ ಆ ಕುರ್ಚಿಯ ಮೇಲೊಂದು ಚೀಟಿ ಇಟ್ಟುಹೋಗಿ. ಡಬ್ಬಿಯಲ್ಲಿ ಇನ್ನೂ ನಲವತ್ತು ಮೀಟರು ತಂತಿ ಉಳಿದಿದೆ.